ಈ ವರ್ಷದ್ದು ತಗೋಬಹುದಾ, ಮೈಕಣ್ಣ?

ಚಳಿ ಶುರುವಾಗುವ ಹೊತ್ತಿಗೆ ಐಸ್ ಹಾಕಿಯ ಹೊಸ ವಿಡಿಯೋ ಗೇಮು ಅಂಗಡಿಗೆ ಬರುತ್ತದೆ. ಅದು ಬಂದ ವಾರ ಊರಿನ ಅಪ್ಪಂದಿರೆಲ್ಲ ಮೈಕಣ್ಣನನ್ನು ಹುಡುಕಿಕೊಂಡು ಐಸಿನ ಅಂಗಳವಾದ ರಿಂಕಿಗೆ ಬರುತ್ತಾರೆ. ಮೈಕಣ್ಣ ಕೂರುವುದು ರಿಂಕಿನ ಒಳಬಾಗಿಲ ಪಕ್ಕದ ಕೌಂಟರಿನಲ್ಲಿ. ಬಾಡಿಗೆಗೆ ಸ್ಕೇಟು ಕೊಡುವುದು, ವಾಪಸು ಬಂದ ಸ್ಕೇಟುಗಳೊಳಗೆ ವಾಸನೆ ಹೋಗುವ ಔಷಧಿ ಹೊಡೆದು ಸಾಲಾಗಿ ಒಣಗಲಿಡುವುದು ಅವನ ಕೆಲಸ. ಬಂದವರು ಪಾದದ ಅಳತೆ ಹೇಳಿದಂತೆ ಮಾಡಿ, ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಮೈಕಣ್ಣ, ಈ ವರ್ಷದ್ದು ತಗೋಬಹುದಾ?" ಎಂದು ಕೇಳುತ್ತಾರೆ. ಮೈಕಣ್ಣ ಕೌಂಟರಿನ ಕೆಳಗಿನಿಂದ ಸ್ಲೇಟು ತೆಗೆದು ಬರೆದು ತೋರಿಸುತ್ತಾನೆ. 'ಹೋದ ವರ್ಷದ್ದಕ್ಕೇ ಬೇರೆ ಅಂಗಿ ಹಾಕಿದ್ದಾರೆ, ಬೇಡ' ಎಂದೋ, 'ಗೋಲ್‌ಕೀಪರ್ ಈಗ ಸ್ವಲ್ಪ ಬುದ್ಧಿ ಕಲಿತಿದ್ದಾನೆ, ತಗೋ' ಎಂದೋ ಇರುತ್ತದೆ. ಅವರು ಓದಿ, ತಲೆ ಆಡಿಸಿ, ಸ್ಕೇಟು ತೆಗೆದುಕೊಳ್ಳದೆ ಹೊರಟು ಹೋಗುತ್ತಾರೆ.

ಅವನ ತೀರ್ಪಿಗೆ ಇಷ್ಟು ಮರ್ಯಾದೆ ಬಂದದ್ದು ಸುಮ್ಮನೆ ಅಲ್ಲ. ಆ ಗೇಮಿನೊಳಗೆ ಪಂದ್ಯದ ವಿವರಣೆ ಕೊಡುವ ಗಂಡಸಿನ ದನಿ ಮೈಕಣ್ಣನದೇ. ಅರ್ಧ ಆಯುಷ್ಯವನ್ನು ಅವನು ರಿಂಕಿನ ಮೇಲಿನ ಗಾಜಿನ ಗೂಡಿನಲ್ಲಿ ಮೈಕು ಹಿಡಿದು ಕಳೆದವನು. ಪಕ್ ಎನ್ನುವ ಆ ಕರಿ ರಬ್ಬರ್ ಬಿಲ್ಲೆ ಐಸಿನ ಮೇಲೆ ಎಲ್ಲಿ ಹೋಯಿತೆಂದು ಮುಂದಿನ ಸಾಲಿನವರಿಗೂ ಕಾಣುವುದಿಲ್ಲ. ಮೈಕಣ್ಣನ ದನಿ ಹೋದ ಕಡೆ ಕಣ್ಣು ಹಾಯಿಸಿದರೆ ಅಲ್ಲಿರುತ್ತಿತ್ತು. ಗೇಮು ಮಾಡುವ ಕಂಪನಿಯವರು ಅದನ್ನು ಕೇಳಿ, ಕರೆಸಿಕೊಂಡು, ಸ್ಪಂಜು ಬಡಿದ ಗೋಡೆಯ ಕೋಣೆಯಲ್ಲಿ ದಿನಗಟ್ಟಲೆ ಕೂರಿಸಿದರು. ಅಲ್ಲಿ ಒಂದೊಂದು ಮಾತನ್ನೂ ಮೂರು ಹದದಲ್ಲಿ ಹೇಳಬೇಕು: ತಣ್ಣಗೆ, ಬೆಚ್ಚಗೆ, ಕುದಿಯುತ್ತ. ಪಂದ್ಯ ಹೇಗಿದೆಯೋ ಹಾಗೆ ಯಂತ್ರ ಆರಿಸಿಕೊಳ್ಳುತ್ತದಂತೆ. ಮೈಕಣ್ಣ ಗೋಲನ್ನು ಮೂರು ಹದದಲ್ಲಿ ಕೂಗಿದ, ಬಿದ್ದವನನ್ನು ಮೂರು ಹದದಲ್ಲಿ ಎಬ್ಬಿಸಿದ. ಕೊನೆಗೆ ಆಟಗಾರರಿಗೆ ಇಡಬಹುದಾದ ಅಡ್ಡಹೆಸರುಗಳು ಬಂದವು. ಹುಲಿ, ಬಂಡೆ, ಸಿಡಿಲು, ಗೂಳಿ. ಎಲ್ಲ ಮುಗಿದ ಮೇಲೆ ಮೈಕಣ್ಣ ತನ್ನಷ್ಟಕ್ಕೆ ತಾನೇ ಇನ್ನೊಂದು ಸೇರಿಸಿದ. "ಸೂಜಿ." ರೆಕಾರ್ಡಿನವನು ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿದ. ಚುರುಕು ಆಟಗಾರನಿಗೆ ಒಳ್ಳೆ ಹೆಸರು ಅಂದುಕೊಂಡಿರಬೇಕು ಪಾಪ.

ಸೂಜಿ ಎಂದರೆ ಮೈಕಣ್ಣನ ಹೆಂಡತಿ. ರಿಂಕಿನ ತಂಡಗಳ ಅಂಗಿಗಳಿಗೆ ನಂಬರು ಹೊಲಿಯುವುದು, ಹರಿದ ಮೊಣಕೈಗೆ ತೇಪೆ ಹಾಕುವುದು ಅವಳ ಕಸುಬು. ಮಾತೂ ಹಾಗೇ, ಚುಚ್ಚಿದರೆ ಎಲ್ಲಿ ಚುಚ್ಚಿತೆಂದು ಹುಡುಕಬೇಕು. ಮದುವೆಗೆ ಮುಂಚೆ ಅವಳು ರಿಂಕಿನ ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದಳು. ಕಿಂಡಿಯಿಂದ ಆಟ ಕಾಣುತ್ತಿರಲಿಲ್ಲ, ಧ್ವನಿವರ್ಧಕ ಮಾತ್ರ ಕೇಳುತ್ತಿತ್ತು. "ಮುಖ ನೋಡಿದ್ರೆ ಒಪ್ತಿರ್ಲಿಲ್ಲ, ದನಿ ಕೇಳಿ ಮೋಸ ಹೋದೆ," ಎಂದು ಅವಳು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಮೈಕಣ್ಣ ಆ ಮಾತಿಗೆ ಒಳಗೊಳಗೇ ಉಬ್ಬಿ ಹೋಗುತ್ತಿದ್ದ. ತಮಾಷೆ ಎಂದು ಅವನಿಗೆ ಯಾವತ್ತೂ ಅನ್ನಿಸಲಿಲ್ಲ, ಅವನ ಪಾಲಿಗೆ ಅದು ನೂರಕ್ಕೆ ನೂರು ನಿಜ.

ಆಮೇಲೆ ಗಂಟಲಲ್ಲಿ ಗಡ್ಡೆ ಬಂತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ, ಉಸಿರಾಡಲು ಕತ್ತಿನಲ್ಲಿ ಒಂದು ತೂತು ಮಾಡಿ, ಜೀವ ಉಳಿಸಿ ಕಳಿಸಿದರು. ಜೀವ ಉಳಿಯಿತು ಎಂದು ಎಲ್ಲರೂ ಹೇಳಿದರು. ಮೈಕಣ್ಣನೂ ತಲೆ ಆಡಿಸಿದ. ರಿಂಕಿನವರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ಗಾಜಿನ ಗೂಡಿನಿಂದ ಇಳಿಸಿ ಸ್ಕೇಟಿನ ಕೌಂಟರಿಗೆ ಹಾಕಿದರು. ಅಲ್ಲಿ ಬಾಯಿ ಬೇಕಾಗಿಲ್ಲ, ಕೈಬೆರಳು ಸಾಕು. ಅಷ್ಟು ಕರುಣೆ ತೋರಿಸಿದವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇರಲಿಲ್ಲ. ಅದೇ ಅವನ ಹೊಟ್ಟೆ ಉರಿಸಿತು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಅವರು ಟಾರ್ಚಿನಂಥ ಒಂದು ಯಂತ್ರ ಕೊಟ್ಟು, ಅದನ್ನು ಗಂಟಲಿಗೆ ಒತ್ತಿಕೊಂಡು ತುಟಿ ಆಡಿಸುವುದನ್ನು ಹೇಳಿಕೊಟ್ಟರು. ಯಂತ್ರ ಗುಂಯ್ ಎನ್ನುತ್ತದೆ, ತುಟಿ ನಾಲಿಗೆಗಳು ಆ ಗುಂಯ್‌ಗುಟ್ಟುವಿಕೆಯನ್ನೇ ಮಾತು ಮಾಡುತ್ತವೆ. ಏರಿಳಿತ ಇಲ್ಲ, ಕೋಪ ಪ್ರೀತಿ ಎರಡಕ್ಕೂ ಒಂದೇ ರಾಗ. ಮೈಕಣ್ಣ ಬೇಗ ಕಲಿತ. "ಇಷ್ಟು ಬೇಗ ಯಾರೂ ಕಲ್ತಿಲ್ಲ, ಬಾಯಿ ಪಳಗಿದೆ ನಿಮ್ದು," ಎಂದು ಮೇಡಂ ಹೊಗಳಿದರು. ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ ಮೈಕಣ್ಣ, ಬಾಗಿಲಲ್ಲೇ ಕಾಯುತ್ತಿದ್ದ ಹೆಂಡತಿಯ ಮುಖ ನೋಡಿದ. ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವನು ಸ್ಲೇಟಿನಲ್ಲಿ 'ಯಂತ್ರ ನನಗೆ ಒಗ್ಗಲಿಲ್ಲ' ಎಂದು ಬರೆದು ತೋರಿಸಿದ.

ಅವಳು ನಂಬಿದಳು. ನಂಬದೆ ಏನು ಮಾಡುತ್ತಾಳೆ. ಜಗತ್ತಿನ ಯಾವ ಗಂಡಸಾದರೂ ಸಿಕ್ಕ ಮಾತನ್ನು ಹೆಂಡತಿಯಿಂದ ಬಚ್ಚಿಡುತ್ತಾನೆಂದು ಯಾರಿಗೆ ಹೊಳೆದೀತು. ಅಂದಿನಿಂದ ಮನೆಯಲ್ಲಿ ಸ್ಲೇಟೇ ಮಾತಾಯಿತು. 'ಉಪ್ಪು ಕಮ್ಮಿ.' 'ಬಾಗಿಲು ಹಾಕು.' 'ನಾಳೆ ರಜೆ.' ಸ್ಲೇಟಿನ ಸಂಸಾರ ಬಹಳ ಚುಟುಕಾದದ್ದು; ಬಳಪ ಸವೆಯುತ್ತದೆಂದು ಪ್ರೀತಿಯ ಮಾತನ್ನು ಯಾರೂ ಬರೆಯುವುದಿಲ್ಲ, ಜಗಳವೂ ಅರ್ಧಕ್ಕೇ ನಿಂತು ಹೋಗುತ್ತದೆ. ಸೂಜಿ ಮೊದಮೊದಲು ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು. ಆಮೇಲೆ ಅವಳಿಗೂ ಸುಸ್ತಾಯಿತು.

ಒಂದು ಮಧ್ಯಾಹ್ನ ಮೈಕಣ್ಣ ಕೆಲಸ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದಾಗ ಮನೆಯೊಳಗಿಂದ ಅವನ ದನಿಯೇ ಕೇಳಿಸಿತು. "ಎಂಥ ತಡೆ, ಎಂಥ ತಡೆ, ಗೋಡೆ ನಿಂತ ಹಾಗೆ ನಿಂತಿದ್ದಾನೆ ನೋಡಿ." ಒಳಗೆ ಹೋದರೆ ಟಿವಿಯಲ್ಲಿ ಗೇಮು ಓಡುತ್ತಿದೆ, ಸೂಜಿ ಪಕ್ಕದಲ್ಲಿ ಹೊಲಿಗೆ ಮೆಷಿನ್ನು ತುಳಿಯುತ್ತಿದ್ದಾಳೆ. ಕಂಪನಿಯವರು ಒಂದು ಕಾಲಕ್ಕೆ ಮರ್ಯಾದೆಗೆಂದು ಕೊಟ್ಟಿದ್ದ ಆಟದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಪಕ್ಕದ ಮನೆಯವರಿಂದ ಕೇಳಿ ಕಲಿತು ಜೋಡಿಸಿಕೊಂಡಿದ್ದಳು. ಅವಳಿಗೆ ಆಡಲು ಬರುತ್ತಿರಲಿಲ್ಲ, ಆಡಬೇಕೆಂದೂ ಇರಲಿಲ್ಲ. ಎರಡೂ ಕಡೆ ಯಂತ್ರವೇ ಆಡಿಕೊಳ್ಳಲಿ ಎಂದು ಬಿಟ್ಟು, ರೇಡಿಯೋ ಕೇಳುವ ಹಾಗೆ ಕೇಳುತ್ತ ಅಂಗಿಗಳಿಗೆ ನಂಬರು ಕೂರಿಸುತ್ತಿದ್ದಳು.

"ಕೇಳಿದ್ರಾ," ಎಂದಳು ನಗುತ್ತ. "ಅಡ್ಡಹೆಸರಿನಲ್ಲಿ ನಾನಿದೀನಿ. ಒಂದು ಆಟಗಾರ್ತೀನ ಮಾಡಿ ಅದಕ್ಕೆ ನನ್ನ ಹೆಸರು ಇಟ್ಟೆ. ನೋಡಿ ಬೇಕಾದ್ರೆ."

ಪರದೆಯ ಮೇಲೆ ಗಿಡ್ಡನೆಯ ಆಟಗಾರ್ತಿಯೊಬ್ಬಳು ಯಾರಿಗೋ ಕೋಲು ಅಡ್ಡ ಹಾಕಿ ಬೀಳಿಸಿದಳು. ಸೀಟಿ ಕೂಗಿತು, ತಪ್ಪಾಟಕ್ಕೆ ಅವಳನ್ನು ಐಸಿನಿಂದ ಹೊರಗೆ ಕಳಿಸಿದರು. "ಸೂಜಿ ಮತ್ತೆ ಹೊರಗೆ," ಎಂದು ಮೈಕಣ್ಣನ ದನಿ ಬೆಚ್ಚಗೆ ಹೇಳಿತು.

"ನಾನೇನ್ರೀ ಮಾಡ್ದೆ," ಎಂದು ಹೆಂಡತಿ ಟಿವಿಯನ್ನು ಕೇಳಿದಳು.

ಅವಳು ಕೇಳಿದ್ದು ಟಿವಿಯನ್ನು, ಅವನನ್ನಲ್ಲ. ಬಾಗಿಲಲ್ಲಿ ನಿಂತ ಮೈಕಣ್ಣನಿಗೆ ಅದು ನಾಟಿತು. ಅವನು ಕೈಕಾಲು ತೊಳೆಯಲು ಒಳಗೆ ಹೋದ.

ಅಲ್ಲಿಂದ ಮುಂದೆ ದಿನವೂ ಅದೇ. ಬೆಳಗಿನ ಕೆಲಸ ಮುಗಿದರೆ ಗೇಮು ಹಾಕುವುದು, ಹೊಲಿಯುವುದು, ಟಿವಿಯ ಜೊತೆ ಮಾತಾಡುವುದು. ವರ್ಷ ವರ್ಷ ಹೊಸ ಗೇಮು ಬಂದಾಗ ಕಂಪನಿಯವರು ಹಳೆ ದನಿಯನ್ನೇ ಮತ್ತೆ ಮತ್ತೆ ಹಾಕುತ್ತಿದ್ದರು. ಅವನು ಸಹಿ ಹಾಕಿ ಕೊಟ್ಟು ಬಂದಿದ್ದ, ಕೇಳುವ ಹಾಗಿರಲಿಲ್ಲ. ಸೂಜಿ ಮಾತ್ರ ತನ್ನ ಹಳೆಯದನ್ನೇ ಇಟ್ಟುಕೊಂಡಿದ್ದಳು, ಅವಳಿಗೆ ಆಟ ಹೊಸದಾಗಬೇಕಾಗಿರಲಿಲ್ಲ. ಮೈಕಣ್ಣ ಒಳಕೋಣೆಯಲ್ಲಿ ಮಂಚದ ಮೇಲೆ ಕೂತು ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಹೆಂಡತಿ ಪರಪುರುಷನ ಜೊತೆ ನಗುತ್ತಿದ್ದರೆ ಗಂಡ ಹೋಗಿ ಅವನ ಕಾಲರು ಹಿಡಿಯಬಹುದು. ಇಲ್ಲಿ ಕಾಲರು ತನ್ನದೇ. ಹೇಳಿಕೊಂಡರೆ ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ಅದಕ್ಕೇ ಹೇಳಿಕೊಳ್ಳದೆ ಒಳಗೇ ಕೊಳೆಯುತ್ತಿದ್ದ.

ಅವನು ಯಾರ ಹತ್ತಿರವೂ ಮಾತೇ ಆಡುತ್ತಿರಲಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ಪೇಟೆಬೀದಿಯ ಗೇಮ್ ಅಂಗಡಿಗೆ ಅವನು ಆಗಾಗ ಹೋಗುತ್ತಿದ್ದ. ಅಂಗಡಿಯವನನ್ನು ಊರೆಲ್ಲ ಡಿಸ್ಕಪ್ಪ ಎನ್ನುತ್ತದೆ. ಹಳೆ ಡಿಸ್ಕು ಕೊಂಡು ಒರೆಸಿ ಹೊಳಪು ಮಾಡಿ ಹೊಸ ಬೆಲೆಗೆ ಮಾರುವುದರಲ್ಲಿ ಅವನ ಕೈ ಹಿಡಿಯುವವರಿಲ್ಲ. ಅಂಗಡಿಯಲ್ಲಿ ಸದಾ ಗುಂಡಿನ ಸದ್ದು, ಕಾರು ಗುದ್ದುವ ಸದ್ದು, ಯಾವುದೋ ರಾಕ್ಷಸ ಊಳಿಡುವ ಸದ್ದು. ಆ ಗದ್ದಲದಲ್ಲಿ ಒಂದು ದಿನ ಡಿಸ್ಕಪ್ಪ ಗೇಮಿನ ಬಗ್ಗೆ ಏನೋ ತಪ್ಪು ಹೇಳಿದ. ತಡೆಯಲಾಗದೆ ಮೈಕಣ್ಣ ಜೇಬಿನಿಂದ ಯಂತ್ರ ತೆಗೆದು ಗಂಟಲಿಗೆ ಒತ್ತಿ ತಿದ್ದಿಬಿಟ್ಟ. ಡಿಸ್ಕಪ್ಪ ಬೆಚ್ಚಲಿಲ್ಲ. ಅಷ್ಟು ವಿಚಿತ್ರ ಸದ್ದುಗಳ ನಡುವೆ ಬದುಕುವವನು, ಇದೂ ಒಂದು ಅಂದುಕೊಂಡ. ಆಮೇಲೆ ಮೈಕಣ್ಣನಿಗೆ ಅದೇ ಚಟವಾಯಿತು. ಆ ಸ್ಟೂಲಿನ ಮೇಲೆ ಕೂತು ರಿಂಕಿನ ಹಳೆ ಕತೆ, ಹೆಂಡತಿಯ ಬಾಯಿಯ ಕತೆ, ಕಂಪನಿಯವರ ಜಿಪುಣತನದ ಕತೆ, ಎಲ್ಲ ಹೇಳುತ್ತಿದ್ದ. ಡಿಸ್ಕಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹೊರಗೆ ಬರುವ ಮೊದಲು ಯಂತ್ರ ಜೇಬಿಗೆ ಹೋಗುತ್ತಿತ್ತು, ಮೈಕಣ್ಣ ಮತ್ತೆ ಮೂಕನಾಗುತ್ತಿದ್ದ. ಇದು ಮನೆಯಲ್ಲಿ ಗೊತ್ತಿಲ್ಲ ಎಂದು ಅವನು ಡಿಸ್ಕಪ್ಪನಿಗೆ ಹೇಳಿರಲಿಲ್ಲ. ಹೇಳಬೇಕಾದೀತು ಎಂದೇ ಹೊಳೆದಿರಲಿಲ್ಲ.

ಈ ಸಲದ ಚಳಿಗೆ ಮುಂಚೆ ಸೂಜಿಯ ಗೇಮು ತೆರೆದಾಗ ಪರದೆಯ ಮೇಲೆ ಒಂದು ಸೂಚನೆ ಬರತೊಡಗಿತು. ಹಳೆಯ ಆವೃತ್ತಿಯ ಸೇವೆ ನಿಲ್ಲುತ್ತದೆ, ದಯವಿಟ್ಟು ಹೊಸದನ್ನು ಕೊಳ್ಳಿ. ಅವಳಿಗೆ ಅರ್ಥವಾಗಲಿಲ್ಲ.

"ನಿಲ್ಲುತ್ತೆ ಅಂದ್ರೆ? ಡಿಸ್ಕು ನಮ್ಮ ಹತ್ರಾನೇ ಇದೆಯಲ್ಲ," ಎಂದಳು. "ಹೊಸದರಲ್ಲಿ ನಿಮ್ಮ ದನಿ ಇದೆಯಾ ಸ್ವಲ್ಪ ನೋಡ್ಕೊಂಡು ಬನ್ನಿ. ಇದ್ರೆ ತಗೊಳ್ಳೋಣ. ಇಲ್ದಿದ್ರೆ ನನಗ್ಯಾಕೆ ಅದು, ಆ ಹೊಡೆದಾಟ ನೋಡೋಕಾ?"

ಮೈಕಣ್ಣ ಡಿಸ್ಕಪ್ಪನ ಅಂಗಡಿಗೆ ಹೋದ.

"ಡಿಸ್ಕು ನಿಮ್ಮ ಹತ್ರ, ಬೀಗದ ಕೈ ಅವರ ಹತ್ರ," ಎಂದು ಡಿಸ್ಕಪ್ಪ ಬಿಡಿಸಿ ಹೇಳಿದ. "ಪ್ರತಿ ಸಲ ತೆರೆಯುವಾಗ ಅದು ಕಂಪನೀನ ಕೇಳುತ್ತೆ ಮೈಕಣ್ಣ, ತೆರೀಲಾ ಅಂತ. ಇನ್ನು ಮೇಲೆ ಬೇಡ ಅಂತಾರೆ. ಅಷ್ಟೇ. ಈಗಿನ ಗೇಮೆಲ್ಲ ಹಿಂಗೇ, ಕೊಂಡ್ಕೊಂಡೆ ಅಂತ ನಾವು ಅಂದ್ಕೋಬೇಕು."

"ಹೊಸದು ಹೇಗಿದೆ?" ಯಂತ್ರ ಗಂಟಲಿಗೊತ್ತಿ ಮೈಕಣ್ಣ ಕೇಳಿದ.

"ಏನು ಹೇಳ್ಲಿ. ಬೆವರಿನ ಹನಿ ಕಾಣುತ್ತೆ, ಐಸಿನ ಮೇಲೆ ಗೀರು ಬೀಳೋದು ಕಾಣುತ್ತೆ. ಆಟ ಮಾತ್ರ ಅದೇ ಆಟ. ದುಡ್ಡು ಕೊಟ್ಟು ತಗೊಂಡ ಮೇಲೂ ಒಳಗೆ ಪೊಟ್ಟಣ ಮಾರ್ತಾರೆ, ಪೊಟ್ಟಣ ಒಡೆದ್ರೆ ಒಳ್ಳೆ ಆಟಗಾರ ಬಂದ್ರೂ ಬಂದ, ಇಲ್ದಿದ್ರೆ ಇಲ್ಲ. ಅಣ್ಣ ತಮ್ಮ ಒಂದೇ ಸೋಫಾದಲ್ಲಿ ಕೂತು ಆಡೋ ದಾರೀನ ಹುಡುಕೋಕೇ ಒಂದು ದಿನ ಬೇಕು. ಅಂಗಡಿಯವನಾಗಿ ನಾನು ಹೀಗೆ ಹೇಳಬಾರದು, ನಿಮ್ಮ ಹತ್ರ ಹೇಳ್ತಿದೀನಿ." ಡಿಸ್ಕಪ್ಪ ಹಲ್ಲು ಕಿರಿದ. "ಆದ್ರೆ ಒಂದಿದೆ. ಕೂತ್ಕೊಳ್ಳಿ, ತೋರಿಸ್ತೀನಿ."

ಅವನು ಅಂಗಡಿಯ ದೊಡ್ಡ ಪರದೆಯಲ್ಲಿ ಹೊಸ ಗೇಮು ಹಾಕಿ, ಹೆಸರು ಬರೆಯುವ ಜಾಗದಲ್ಲಿ ತನ್ನ ಹೆಸರು ಒತ್ತಿದ. ಪಂದ್ಯ ಶುರುವಾಯಿತು. "ಡಿಸ್ಕಪ್ಪ ನುಗ್ಗಿದ, ಡಿಸ್ಕಪ್ಪ ತಿರುಗಿದ, ಡಿಸ್ಕಪ್ಪನನ್ನು ಹಿಡಿಯುವವರು ಯಾರು," ಎಂದು ಪರದೆ ಕೂಗಿತು. ಮೈಕಣ್ಣನ ದನಿ. ಗಡ್ಡೆ ಬರುವ ಮುಂಚಿನ, ಏರುವಲ್ಲಿ ಏರಿ ಇಳಿಯುವಲ್ಲಿ ಇಳಿಯುವ ದನಿ. ಮೈಕಣ್ಣ ಜನ್ಮದಲ್ಲಿ ಡಿಸ್ಕಪ್ಪ ಎಂದು ರೆಕಾರ್ಡು ಮಾಡಿದವನಲ್ಲ.

"ಹಳೆ ರೆಕಾರ್ಡಿಂದ ಕಲಿಸಿದಾರಂತೆ ಯಂತ್ರಕ್ಕೆ," ಡಿಸ್ಕಪ್ಪ ಹೆಮ್ಮೆಯಿಂದ ಹೇಳಿದ, ತಾನೇ ಕಲಿಸಿದವನ ಹಾಗೆ. "ಈಗ ಏನು ಬೇಕಾದ್ರೂ ಹೇಳುತ್ತೆ. ಯಾರ ಹೆಸರು ಬೇಕಾದ್ರೂ."

ಅವನು ಆಟ ನಿಲ್ಲಿಸಿ ಕೈ ಬಿಟ್ಟು ಕೂತ. ಸ್ವಲ್ಪ ಹೊತ್ತು ಯಾವ ಗುಂಡಿಯೂ ಒತ್ತದೆ ಇದ್ದಾಗ ಪರದೆಯ ದನಿ ತಾನಾಗಿಯೇ ಮಾತಾಡಿತು. ಕೂಗುವ ದನಿಯಲ್ಲ, ಮನೆಯಲ್ಲಿ ಆಡುವ ದನಿ. "ಸುಸ್ತಾಯ್ತಾ? ಪರವಾಗಿಲ್ಲ, ಸುಧಾರಿಸಿಕೊಳ್ಳಿ. ನಾನು ಇಲ್ಲೇ ಇರ್ತೀನಿ."

ಇಂಥ ಮಾತನ್ನು ಮೈಕಣ್ಣ ಆ ಸ್ಪಂಜಿನ ಕೋಣೆಯಲ್ಲಿ ಹೇಳಿರಲಿಲ್ಲ. ಎಲ್ಲೂ ಹೇಳಿರಲಿಲ್ಲ. ದನಿ ಇದ್ದ ಕಾಲದಲ್ಲಿ ಹೆಂಡತಿಗೂ ಹೇಳಿರಲಿಲ್ಲ. ಈ ಡಬ್ಬ ಮನೆಗೆ ಬಂದರೆ ಏನಾಗುತ್ತದೆಂದು ಅವನಿಗೆ ಅಲ್ಲೇ ಕಂಡಿತು. ಇಷ್ಟು ದಿನ ಟಿವಿಯೊಳಗಿನವನಿಗೆ ಆಟದ ಮಾತು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ, ಅಷ್ಟಾದರೂ ಸಮಾಧಾನವಿತ್ತು. ಇನ್ನು ಅವನು ಸೂಜಿಯ ಕ್ಷೇಮ ವಿಚಾರಿಸುತ್ತಾನೆ.

"ಹೆಂಗೆ?" ಎಂದ ಡಿಸ್ಕಪ್ಪ. "ಅಕ್ಕನಿಗೆ ಒಂದು ಕಟ್ಟಿ ಕೊಡ್ಲಾ?"

"ಬೇಡ," ಎಂದಿತು ಮೈಕಣ್ಣನ ಯಂತ್ರ.

ಮನೆಗೆ ಬಂದು ಅವನು ಸ್ಲೇಟಿನಲ್ಲಿ ಬರೆದ. 'ಕೊಳ್ಳಲು ಲಾಯಕ್ಕಿಲ್ಲ. ದನಿ ಬೇರೆಯವನದು.'

ಸೂಜಿ ಕನ್ನಡಕ ಹಾಕಿಕೊಂಡು ಓದಿದಳು, ಮತ್ತೊಮ್ಮೆ ಓದಿದಳು. "ನೀವೇ ಕೇಳಿದ್ರಾ?"

ಅವನು ತಲೆ ಆಡಿಸಿದ.

"ಒಂದು ಮಾತೂ ನಿಮ್ದಿಲ್ವಾ? ಎಲ್ಲಾ ತೆಗೆದುಬಿಟ್ರಾ?"

ಮೈಕಣ್ಣ 'ಬೇರೆಯವನದು' ಎಂಬುದರ ಕೆಳಗೆ ಒಂದು ಗೆರೆ ಎಳೆದ. ಬಳಪ ಕಿರ್ರೆಂದಿತು.

"ಸರಿ ಹಾಗಾದ್ರೆ," ಎಂದಳು. "ಗೇಮಿನ ವಿಷಯದಲ್ಲಿ ನಿಮ್ಮ ಮಾತು ಸುಳ್ಳಾಗಿದ್ದಿಲ್ಲ." ಅವಳು ಚುಚ್ಚಲು ಹೇಳಿದ್ದಲ್ಲ, ನಂಬಿಕೆಯಿಂದಲೇ ಹೇಳಿದಳು. ಸ್ಲೇಟನ್ನು ತಾನೇ ಒರೆಸಿ ಮೂಲೆಗಿಟ್ಟಳು.

ಹೇಳಿದ ಸುಳ್ಳಿಗೆ ಬೇಲಿ ಕಟ್ಟಬೇಕಲ್ಲ. ಆ ವರ್ಷ ಕೌಂಟರಿಗೆ ಬಂದ ಒಬ್ಬೊಬ್ಬ ಅಪ್ಪನಿಗೂ ಮೈಕಣ್ಣ 'ಬೇಡ' ಎಂದೇ ಬರೆದು ತೋರಿಸಿದ. ಊರಲ್ಲಿ ಯಾರ ಮನೆಗೂ ಆ ಗೇಮು ಹೋಗದಿದ್ದರೆ ಅದರ ದನಿಯ ಸುದ್ದಿ ಹೆಂಡತಿಯ ಕಿವಿಗೂ ಬೀಳುವುದಿಲ್ಲ ಎಂಬುದು ಅವನ ಲೆಕ್ಕ. ಅಪ್ಪಂದಿರು ಮರುಮಾತಿಲ್ಲದೆ ನಂಬಿದರು. ಮನೆಗಳಲ್ಲಿ ಮಕ್ಕಳು ಮುಖ ಊದಿಸಿಕೊಂಡವು. ಡಿಸ್ಕಪ್ಪನ ಅಂಗಡಿಯಲ್ಲಿ ಹೊಸ ಡಬ್ಬಗಳು ಬಂದ ಕಟ್ಟು ಬಿಚ್ಚದೆ ಹಾಗೇ ಕೂತವು. ಮೈಕಣ್ಣ ಆ ಬೀದಿಗೆ ಹೋಗುವುದನ್ನೇ ನಿಲ್ಲಿಸಿದ.

ಹಳೆ ಗೇಮು ನಿಲ್ಲುವ ಹಿಂದಿನ ದಿನ ಸೂಜಿ ಹೊಲಿಗೆ ಬದಿಗಿಟ್ಟು ಸುಮ್ಮನೆ ಕೂತು ಕೇಳಿದಳು. ಅವಳ ಆಟಗಾರ್ತಿ ಅವತ್ತು ಅಕಸ್ಮಾತ್ ಒಂದು ಗೋಲು ಹೊಡೆದಳು. ದನಿ ಕುದಿಯುತ್ತ ಅವಳ ಹೆಸರು ಕೂಗಿತು. ಮೈಕಣ್ಣ ಒಳಕೋಣೆಯಿಂದ ಎದ್ದು ಬಂದು ಅವಳ ಪಕ್ಕ ಕೂತ. ಕೂತಿದ್ದು ಪ್ರೀತಿಗಲ್ಲ, ಇವತ್ತಿಗೆ ಪೀಡೆ ತೊಲಗಿತು ಎಂದು ಕಣ್ಣಾರೆ ನೋಡಲಿಕ್ಕೆ. ಮರುದಿನ ಪರದೆಯ ಮೇಲೆ ಒಂದೇ ಒಂದು ಸಾಲು ಬಂತು, ಕ್ಷಮಿಸಿ ಎಂದು. ಸೂಜಿ ಟಿವಿ ಆರಿಸಿದಳು.

ಪೀಡೆ ತೊಲಗಿದ ಮೇಲೆ ಹೆಂಡತಿ ತನ್ನ ಕಡೆ ತಿರುಗುತ್ತಾಳೆ ಎಂದು ಮೈಕಣ್ಣ ಅಂದುಕೊಂಡಿದ್ದ. ಅವಳು ಯಾವ ಕಡೆಗೂ ತಿರುಗಲಿಲ್ಲ. ಮನೆಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದು ಮಾತ್ರ ಉಳಿಯಿತು. ಅವನು ಸ್ಲೇಟಿನಲ್ಲಿ ಮೊದಲಿಗಿಂತ ಉದ್ದುದ್ದ ಬರೆಯಲು ನೋಡಿದ, ರಿಂಕಿನಲ್ಲಿ ನಡೆದ ತಮಾಷೆಗಳನ್ನೂ ಬರೆದ. ಅವಳು ಓದಿ "ಹೂಂ" ಎನ್ನುತ್ತಿದ್ದಳು. ಚುಚ್ಚುವುದನ್ನೂ ಬಿಟ್ಟಳು. ಒಮ್ಮೆ ಊಟಕ್ಕೆ ಕೂತಾಗ ಅವನು ಜೇಬಿನೊಳಗೆ ಯಂತ್ರವನ್ನು ಹಿಡಿದುಕೊಂಡ. ತೆಗೆದು ಒತ್ತಿದರಾಯಿತು, ಒಂದು ಮಾತು. ಅವಳ ಮುಖ ನೋಡಿದ, ಆ ಗುಂಯ್ ಸದ್ದಿಗೆ ಆ ಮುಖ ಹೇಗಾದೀತೆಂದು ಊಹಿಸಿಕೊಂಡ. ಕೈಯನ್ನು ಬರಿದೇ ಹೊರಗೆ ತೆಗೆದು ಅನ್ನ ಕಲಸಿದ. ಹೇಡಿತನ ಎನ್ನಬೇಕು ಇದಕ್ಕೆ. ಅವನು ಮಾತ್ರ ಇದನ್ನು ಮರ್ಯಾದೆ ಎಂದು ಕರೆದುಕೊಂಡಿದ್ದ.

ರಿಂಕಿನ ಐಸು ಕೆಟ್ಟು ರಿಪೇರಿಗೆಂದು ಬಾಗಿಲು ಹಾಕಿದ ದಿನ ಮೈಕಣ್ಣ ಮನೆಯಲ್ಲೇ ಇದ್ದ. ಸೂಜಿ ಕೆಲಸಕ್ಕೆ ಬಾರದ ಆಟದ ಪೆಟ್ಟಿಗೆಯನ್ನು ಚೀಲದಲ್ಲಿ ತುಂಬಿಕೊಂಡು, "ಜಾಗ ತಿಂತಿದೆ, ಡಿಸ್ಕಪ್ಪನಿಗೆ ಕೊಟ್ಟು ಬರ್ತೀನಿ," ಎಂದು ಹೊರಟಳು. ಮೈಕಣ್ಣ ಸ್ಲೇಟಿಗೆ ಕೈ ಹಾಕಿ ಏನಾದರೂ ಬರೆಯುವಷ್ಟರಲ್ಲಿ ಮೆಟ್ಟಿಲು ಇಳಿದು ಹೋಗಿದ್ದಳು. ಹಿಂದೆ ಓಡಿ ಕೂಗಿ ನಿಲ್ಲಿಸುವ ಹಾಗಿರಲಿಲ್ಲ. ಅವನು ಕಿಟಕಿಯಲ್ಲಿ ನಿಂತು ಕಾದ.

ಅವಳು ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಹೋದ ಚೀಲ ಹಾಗೆಯೇ ತುಂಬಿತ್ತು. ಪೆಟ್ಟಿಗೆಯನ್ನು ತೆಗೆದು ಟಿವಿಯ ಕೆಳಗೆ ಅದರ ಜಾಗದಲ್ಲಿ ಇಟ್ಟಳು. ಆಮೇಲೆ ಚೀಲದ ತಳದಿಂದ ಕಟ್ಟು ಬಿಚ್ಚದ ಹೊಸ ಗೇಮಿನ ಡಬ್ಬ ತೆಗೆದು ಊಟದ ಮೇಜಿನ ಮೇಲೆ ಇಟ್ಟು, ಅವನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಡಿಸ್ಕಪ್ಪ ಕೂರಿಸಿ ಕೇಳಿಸಿದ," ಎಂದಳು. "ನಿಮ್ಮದೇ ದನಿ."

ಮೈಕಣ್ಣ ಬಳಪ ಎತ್ತಿಕೊಂಡ. ಅವಳು ಅವನ ಬೆರಳುಗಳಿಂದ ಬಳಪವನ್ನು ಬಿಡಿಸಿ ತೆಗೆದು ತನ್ನ ಕಡೆ ಇಟ್ಟುಕೊಂಡಳು.

"ಬರೀಬೇಡಿ. ಅದರ ಬಗ್ಗೆ ಸುಳ್ಳು ಹೇಳಿದ್ರಿ, ಹೋಗ್ಲಿ ಬಿಡಿ. ನಾನು ಟಿವಿ ಮುಂದೆ ನಗ್ತಾ ಕೂತ್ರೆ ನಿಮಗೆ ಹೊಟ್ಟೆ ಉರೀತಿತ್ತು ಅಂತ ಗೊತ್ತಿತ್ತು ನಂಗೆ. ಒಂದೊಂದ್ಸಲ ಉರೀಲಿ ಅಂತಾನೇ ಜೋರಾಗಿ ನಗ್ತಿದ್ದೆ. ಉರಿ ತಡೀಲಾರದೆ ಒಂದು ದಿನ ಆ ಯಂತ್ರ ತಗೊಂಡು ಇನ್ನೊಂದ್ಸಲ ಪ್ರಯತ್ನ ಮಾಡ್ತೀರೇನೋ ಅಂತ."

ಅವಳು ಮೇಜಿನ ಮೇಲೆ ಬಿದ್ದಿದ್ದ ದಾರದ ತುಂಡೊಂದನ್ನು ಬೆರಳಿಗೆ ಸುತ್ತಿದಳು.

"ಡಿಸ್ಕಪ್ಪ ಅಂದ, 'ಮೈಕಣ್ಣ ಬಂದ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ ಅಕ್ಕಾ, ಎಷ್ಟು ಮಾತು, ಎಷ್ಟು ನಗಿಸ್ತಾರೆ' ಅಂತ. ನಾನು ಸ್ಲೇಟಿನ ಮಾತು ಅಂದ್ಕೊಂಡೆ. 'ಅಷ್ಟೊಂದು ಬರೀತಾರಾ' ಅಂದೆ. ಅವನು ಗಂಟಲಿಗೆ ಬೆರಳಿಟ್ಟು ಗುಂಯ್ ಅಂತ ಮಾಡಿ ತೋರಿಸ್ದ. ನನಗೆ ಗೊತ್ತೇ ಇದೆ ಅನ್ನೋ ಹಾಗೆ. ನಾನೂ ಗೊತ್ತಿರೋ ಹಾಗೇ ನಕ್ಕೆ. ಏನು ಮಾಡ್ಲಿ, ಅಂಗಡಿ ತುಂಬ ಜನ ಇದ್ರು."

ಬೆರಳಿನ ದಾರವನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಳು.

"ನಾನು ಟಿಕೆಟ್ ಕಿಂಡೀಲಿ ಕೂತು ದನಿಗೆ ಮೋಸ ಹೋದ ಕತೆ ಗೊತ್ತು ಅವನಿಗೆ. ನಮ್ಮ ಮದುವೇಲಿ ನೀವು ಎಡವಿದ ಕತೆ ಗೊತ್ತು. ಎಲ್ಲಾ ಹೇಳಿದೀರಿ. ಹಳೆ ಡಿಸ್ಕು ಒರೆಸಿ ಮಾರೋನ ಹತ್ರ ಎಲ್ಲಾ ಮಾತಾಡಿದೀರಿ. ನಾನು ಇಲ್ಲಿ ಆ ಡಬ್ಬದ ಬಾಯಲ್ಲಿ 'ಸೂಜಿ ಹೊರಗೆ, ಸೂಜಿ ಹೊರಗೆ' ಅನ್ನಿಸ್ಕೊಂಡು, ಅದಕ್ಕೇ ಖುಷಿಪಟ್ಕೊಂಡು ಬಟ್ಟೆ ಹೊಲೀತಿದ್ದೆ. ನೀವು ಗೋಡೆ ಆಚೆ, ಮಾತನ್ನ ಜೇಬಲ್ಲಿ ಇಟ್ಕೊಂಡು ಕೂತಿದ್ರಿ."

ಅವಳ ದನಿ ಏರಲಿಲ್ಲ. ಏರಿದ್ದರೆ ಮೈಕಣ್ಣನಿಗೆ ಸುಲಭವಾಗುತ್ತಿತ್ತು. ಅವಳು ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ಪ್ಲಾಸ್ಟಿಕ್ಕನ್ನು ಉಗುರಿನಿಂದ ಗೀರಿ ಬಿಡಿಸತೊಡಗಿದಳು. ಮೈಕಣ್ಣ ಜೇಬಿನಿಂದ ಯಂತ್ರ ತೆಗೆದ. ಕ್ಷಮಿಸು ಎನ್ನಬೇಕೆಂದೇ ತೆಗೆದದ್ದು. ಗಂಟಲಿಗೆ ಒತ್ತಿಕೊಂಡಾಗ ಡಬ್ಬದ ಬಾಯಿ ತೆರೆಯುವುದು ಕಣ್ಣಿಗೆ ಬಿತ್ತು, ತುಟಿ ಬೇರೆಯದನ್ನೇ ಹೇಳಿತು.

"ಹಾಕ್ಬೇಡ."

ಸೂಜಿಯ ಕೈ ನಿಂತಿತು. ಅವಳು ತಲೆಯೆತ್ತಿ ಅವನ ಗಂಟಲನ್ನು, ಯಂತ್ರವನ್ನು, ಬಾಯಿಯನ್ನು ನಿಧಾನವಾಗಿ ನೋಡಿದಳು. ಅವನು ಹೆದರಿಕೊಂಡಿದ್ದ ಅಸಹ್ಯ ಆ ಮುಖದಲ್ಲಿ ಎಲ್ಲೂ ಇರಲಿಲ್ಲ.

"ಚೆನ್ನಾಗೇ ಕೇಳ್ಸುತ್ತಲ್ಲ," ಎಂದಳು. "ಇಷ್ಟೇನಾ? ಇಷ್ಟಕ್ಕೇನಾ ಮುಚ್ಚಿಟ್ಕೊಂಡಿದ್ದು? ಒಂದು ಮಾತು ಸಾಕಿತ್ತು ನಂಗೆ. ಯಾವ ಮಾತಾದ್ರೂ ಆಗ್ತಿತ್ತು. ಕೊನೆಗೂ ಬಾಯಿ ಬಿಟ್ಟಿರಿ, ಅದೂ ಬೇಡ ಅನ್ನೋಕೆ."

ಅವಳು ಎದ್ದು ಡಿಸ್ಕನ್ನು ಪೆಟ್ಟಿಗೆಯೊಳಗೆ ಹಾಕಿದಳು. ಟಿವಿಯಲ್ಲಿ ಸಂಗೀತ ಬಂತು, ಜನ ಕೂಗಿದರು, ನಡುವಿನಿಂದ ಮೈಕಣ್ಣನ ಹಳೆಯ ದನಿ ಎದ್ದು ಎಲ್ಲರಿಗೂ ಸ್ವಾಗತ ಹೇಳಿತು. ಅವಳ ಬೆನ್ನ ಹಿಂದೆ ಮೈಕಣ್ಣ ಯಂತ್ರವನ್ನು ಮತ್ತೆ ಗಂಟಲಿಗೊತ್ತಿ, "ತಪ್ಪಾಯ್ತು," ಎಂದ. ಇನ್ನೊಮ್ಮೆ ಹೇಳಿದ. ಸೂಜಿ ಅರೆಗಳಿಗೆ ತಲೆ ಓರೆ ಮಾಡಿ ಕೇಳಿಸಿಕೊಂಡಳು, ಆಮೇಲೆ ರಿಮೋಟು ಎತ್ತಿ ಟಿವಿಯ ಸದ್ದನ್ನು ಏರಿಸಿದಳು.